ನೀಲಮ್ಮನ ಅಳತೆಯ ಕುಂದಾ

ರೈಫಲ್ ಕೊಳ್ಳಲು ಬಂದವರು ಮೊದಲು ನಳಿಗೆಯನ್ನು ನೋಡುತ್ತಾರೆ. ಆಮೇಲೆ ಬೋಲ್ಟನ್ನು ಹಿಂದಕ್ಕೂ ಮುಂದಕ್ಕೂ ಎಳೆದು ಅದರ ಸದ್ದು ಕೇಳುತ್ತಾರೆ. ಹೆಗಲಿಗೆ ಆನಿಸುವ ಮರದ ಭಾಗವನ್ನು, ನಮ್ಮ ಕಸುಬಿನವರು ಕುಂದಾ ಎನ್ನುವುದನ್ನು, ನೋಡುವವರು ಕಡಿಮೆ. ನೋಡಿದರೂ ಮರದ ಗೆರೆ ಚೆನ್ನಾಗಿದೆಯೇ, ಪಾಲಿಶ್ ಹೊಳೆಯುತ್ತಿದೆಯೇ ಎಂದಷ್ಟೇ. ನಾನು ನಾಸಿಕದ ಒಂದು ಬಂದೂಕಿನ ಅಂಗಡಿಯಲ್ಲಿ ಕುಂದಾ ಕೆತ್ತುತ್ತಲೇ ತಲೆ ಹಣ್ಣು ಮಾಡಿಕೊಂಡವನು. ಈಚೆಗೆ ನನ್ನ ತಂಗಿಯ ಮೊಮ್ಮಗ ಅಂಥದೇ ಒಂದು ಅಂಗಡಿಗೆ ಸೇರಿದ್ದಾನೆ. "ಅಜ್ಜಾ, ಗಿರಾಕಿ ಬಂದ್ರ ಏನ್ ಕೇಳ್ಬೇಕು, ಏನ್ ತೋರಿಸ್ಬೇಕು, ಒಂದೀಟು ಬರದು ಕೊಡ್ರಿ" ಎಂದ. ಅವನಿಗೆ ಮರಾಠಿ ಓದಲು ಬರುವಷ್ಟು ಕನ್ನಡ ಓದಲು ಬರುವುದಿಲ್ಲ. ಅವನ ತಾಯಿ ಓದಿ ಹೇಳುತ್ತಾಳೆ ಎಂಬ ನಂಬಿಕೆಯ ಮೇಲೆ ಬರೆಯುತ್ತಿದ್ದೇನೆ.

ನಾನು ಭಾಲ್ಕಿ ಕಡೆಯವನು. ಓಝರ್ ಹತ್ತಿರ ವಿಮಾನದ ಕಾರ್ಖಾನೆ ಏಳುತ್ತಿದ್ದ ಕಾಲಕ್ಕೆ ಬಡಗಿ ಕೆಲಸ ಸಿಗುತ್ತದೆಂದು ಊರಿನ ನಾಲ್ಕು ಜನರ ಜೊತೆ ಬಂದೆ. ಕಟ್ಟಡದ ಕೆಲಸ ಮುಗಿದಾಗ ಗುತ್ತಿಗೆದಾರ ನಮ್ಮನ್ನೆಲ್ಲ ಕೆಲಸದಿಂದ ಬಿಡಿಸಿದ. ಉಳಿದವರು ಊರಿಗೆ ಹೋದರು. ನಾನು ಕೈಚೀಲದಲ್ಲಿ ಉಳಿ, ಅರ ಹಾಕಿಕೊಂಡು ನಾಸಿಕದ ಬೀದಿಗಳಲ್ಲಿ ಕೆಲಸ ಕೇಳುತ್ತ ತಿರುಗಿದೆ. ಒಂದು ಬಂದೂಕಿನ ಅಂಗಡಿಯ ಕಟ್ಟೆಯ ಮೇಲೆ ಬಿಳಿ ಗಡ್ಡದ ಬೋಹ್ರಾ ಮುಸಲ್ಮಾನ ಸೇಠರೊಬ್ಬರು ಸೀಳಿಹೋದ ಕುಂದಾವೊಂದನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಸತ್ತ ಹಕ್ಕಿಯನ್ನು ನೋಡುವ ಹಾಗೆ ನೋಡುತ್ತಿದ್ದರು. ನಾನು ಕೇಳದೆಯೇ ಅದನ್ನು ಕೈಗೆ ತೆಗೆದುಕೊಂಡು ಸೀಳಿನ ದಿಕ್ಕು ನೋಡಿದೆ. "ಕೂಡಿಸ್ತೀಯಾ?" ಎಂದರು ಹಿಂದಿಯಲ್ಲಿ. ಕೂಡಿಸಿದೆ. ಅವತ್ತಿನಿಂದ ನಾನು ಹಾತಿಮ್ ಸೇಠರ ಮನುಷ್ಯನಾದೆ. ಅವರು ಆಡಿದ್ದೆಲ್ಲ ಹಿಂದಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಅಷ್ಟೇ.

ಆಗ ಶಿಕಾರಿ ಇನ್ನೂ ನಡೆಯುತ್ತಿದ್ದ ಕಾಲ. ಅಂಗಡಿಯಲ್ಲಿ ಒಂದು ತುದಿಗೆ ರಾಜಮಹಾರಾಜರು ಇಟ್ಟುಕೊಳ್ಳುವಂಥ ವಿಲಾಯತಿ ಜೋಡಿ ನಳಿಗೆಯವು, ಇನ್ನೊಂದು ತುದಿಗೆ ನಳಿಗೆಯ ಬಾಯಿಂದ ಮದ್ದು ಜಡಿದು ಹೊಡೆಯುವ ಅಗ್ಗದ ಬಂದೂಕುಗಳು. ಬಾಯಿಯಿಂದ ಅನ್ನ ತೆಗೆದಿಟ್ಟು ಕೊಳ್ಳುವ ಜನರ ರೈಫಲುಗಳು ಇವೆರಡರ ನಡುವೆ ಇರುತ್ತಿದ್ದವು. ಸರ್ಕಾರಿ ಕಾರ್ಖಾನೆಯ ಮುನ್ನೂರ ಹದಿನೈದು ಬೋರಿನ ಬೋಲ್ಟ್ ರೈಫಲ್ ಅವುಗಳಲ್ಲಿ ಮುಖ್ಯವಾದದ್ದು. ಜೊತೆಗೆ ಯಾವನೋ ಸೈನ್ಯದ ಸಾಹೇಬ ದೇವಳಾಲಿಯ ದಂಡು ಬಿಟ್ಟು ಹೋಗುವಾಗ ಮಾರಲು ಕೊಟ್ಟ ಹಳೆಯ ಜರ್ಮನ್ ರೈಫಲು ಒಂದೋ ಎರಡೋ.

ಸೇಠರು ಗಿರಾಕಿಗೆ ರೈಫಲ್ ತೋರಿಸುವ ಮೊದಲು ಚಹಾ ತರಿಸುತ್ತಿದ್ದರು. ಚಹಾ ಕುಡಿಯುವಾಗ ಅವನ ಕೈ, ಕತ್ತು, ಭುಜ ನೋಡುತ್ತಿದ್ದರು. ಯಾವ ಪ್ರಾಣಿಗೆ, ಎಷ್ಟು ದೂರದಿಂದ, ಕಾಡತೂಸು ಎಲ್ಲಿ ಕೊಳ್ಳುತ್ತಾನೆ ಎಂದು ಕೇಳಿ ಆಮೇಲೆ ಎದ್ದೇಳುವರು. ಒಮ್ಮೆ ಲಾಸಲಗಾಂವಿನ ಈರುಳ್ಳಿ ವ್ಯಾಪಾರಿಯೊಬ್ಬ, ಬಾಗಿಲಿಗೆ ತಲೆ ತಾಗುವಷ್ಟು ಎತ್ತರದವನು, ಚಹಾ ಕುಡಿಯಲೂ ಪುರುಸೊತ್ತಿಲ್ಲದೆ ದೊಡ್ಡ ಬೋರಿನದೇ ಬೇಕೆಂದು ಒಯ್ದ. ವಾರದೊಳಗೆ ಬದನೆಕಾಯಿಯಂಥ ಮೂಗು ಹೊತ್ತುಕೊಂಡು ವಾಪಸ್ಸು ಬಂದ. ಕುಂದಾ ಅವನ ತೋಳಿಗೆ ಗಿಡ್ಡ. ಗುಂಡು ಹಾರಿದಾಗ ಅವನದೇ ಹೆಬ್ಬೆರಳು ಅವನ ಮೂಗಿಗೆ ಗುದ್ದಿತ್ತು. ನಾನು ಮರದ ತುಂಡು ಸೇರಿಸಿ ಉದ್ದ ಮಾಡಿಕೊಟ್ಟೆ. ಅವನು ಹೋದಮೇಲೆ ಸೇಠರು ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು. ಆಮೇಲೆ ನನಗೆ ಹೇಳಿದರು, "ಕಾಶಿನಾಥ್, ಗುಂಡು ಹಾರಿಸೋದು ನಳಿಗೆ. ಮನುಷ್ಯನನ್ನ ಹಿಡಿದುಕೊಳ್ಳೋದು ಕುಂದಾ."

ಆ ವ್ಯಾಪಾರಿಯೇ ಮುಂದೆ ಒಂದು ಬೇಸಗೆಯಲ್ಲಿ ಪೈಠಣದ ಕಡೆಯ ಒಬ್ಬ ಮುದುಕರನ್ನು ನಮ್ಮಲ್ಲಿಗೆ ಕಳಿಸಿದ. ಅವರ ಹೆಸರು ಸಂಗಪ್ಪ. ಮೂಲ ಆಳಂದ ಸೀಮೆಯ ಮನೆತನ, ಅಜ್ಜನ ಕಾಲದಲ್ಲೇ ಗೋದಾವರಿ ದಂಡೆಗೆ ಬಂದು ಹೊಲ ಮಾಡಿದವರು. ಹಣೆಗೆ ವಿಭೂತಿ, ತಲೆಗೆ ಬಿಳಿ ರುಮಾಲು. ಅವರ ಹಿಂದೆ, ಹೊಸ್ತಿಲ ಆಚೆಗೆ, ತಲೆಯ ಮೇಲೆ ಸೆರಗು ಹೊದ್ದ ಒಬ್ಬ ಹೆಣ್ಣುಮಗಳು ನಿಂತಿದ್ದಳು. ನನ್ನ ವಯಸ್ಸಿಗಿಂತ ಎರಡು ಮೂರು ವರ್ಷ ಚಿಕ್ಕವಳಿರಬೇಕು. ಹಣೆ ಬರಿದಾಗಿತ್ತು.

ಚಹಾ ಬಂತು. ಸಂಗಪ್ಪನವರು ಬಟ್ಟಲು ಎತ್ತಿದರು. ಕೈ ಗಡಗಡ ನಡುಗಿ ಅರ್ಧ ಚಹಾ ತಟ್ಟೆಗೆ ಚೆಲ್ಲಿತು. ಸೇಠರು ನೋಡಿಯೂ ನೋಡದವರಂತೆ ಇದ್ದರು.

"ಯಾವ ಪ್ರಾಣಿಗೆ?" ಎಂದು ಕೇಳಿದರು.

"ರಾನ್ ಡುಕ್ಕರ್" ಎಂದರು ಮುದುಕರು ಮರಾಠಿಯಲ್ಲಿ. ಕಾಡುಹಂದಿ. ಆಮೇಲೆ ನನ್ನ ಕೊರಳಿನ ಲಿಂಗದ ಕರಡಿಗೆ ನೋಡಿ ಕನ್ನಡಕ್ಕೆ ತಿರುಗಿದರು. "ಶೇಂಗಾ ಹೊಲ ಎಲ್ಲ ಹೂಡಿದಂಗ ಮಾಡಿ ಹೋಗ್ತಾವ ನೋಡ್ರಿ. ಕಬ್ಬಂತೂ ಮಲಗಿಸೇ ಬಿಡ್ತಾವ. ನಮ್ಮ ಹುಡುಗ ಇದ್ದಾಗ ಅವಾ ಕಾಯ್ತಿದ್ದ. ಕಾಮಾಲಿ ಆಗಿ ಹ್ವಾದ. ಈಗ ಎರಡು ಸುಗ್ಗಿ ಹಂದಿಗೇ ಉಣಿಸೀವಿ."

ಸೇಠರು ನನ್ನ ಕಡೆ ತಿರುಗಿ ಮೆಲ್ಲಗೆ, "ಇಂಥ ಕೈಗೆ ನಾನು ರೈಫಲ್ ಕೊಡಲಾರೆ. ಅವರ ಮನಸ್ಸಿಗೆ ನೋವಾಗದ ಹಾಗೆ ನೀನೇ ಹೇಳು" ಎಂದರು. ಹೇಗೆ ಹೇಳುವುದೆಂದು ತೋಚದೆ ನಾನು ಪರವಾನಗಿ ಕೇಳಿದೆ. ಸಂಗಪ್ಪನವರು ಅಂಗಿಯ ಒಳಗಿನಿಂದ ಮಡಿಚಿದ ಕಾಗದ ತೆಗೆದುಕೊಟ್ಟರು. ಬೆಳೆ ಕಾಯಲು ಕೊಟ್ಟ ಪರವಾನಗಿ. ಅದರ ಮೇಲಿದ್ದದ್ದು ಹೆಂಗಸಿನ ಹೆಸರು.

"ನೀಲಮ್ಮ ಅಂದ್ರ?"

"ನಮ್ಮ ಸೊಸಿ" ಎಂದು ಅವರು ಹೊಸ್ತಿಲ ಕಡೆ ಗದ್ದ ಎತ್ತಿ ತೋರಿಸಿದರು. "ಔರಂಗಾಬಾದದಾಗ ಒಂದು ಅಂಗಡಿಗಿ ಹೋಗಿದ್ವಿರಿ. ಅವರು ನಕ್ರು. ಅಕಿ ಎದುರಿಗೇ ನಕ್ರು. ಅದಕ್ಕ ಇಲ್ಲಿಗಿ ಬಂದ್ವಿ. ನೀವೂ ನಗೋರಿದ್ರ ಈಗೇ ನಕ್ಕು ಬಿಡ್ರಿ, ಮುಂದಿನ ಬಸ್ ಹಿಡೀತೀವಿ."

ಇಂದು ಛತ್ರಪತಿ ಸಂಭಾಜಿನಗರ ಎನ್ನುವ ಊರಿಗೆ ಆಗ ಔರಂಗಾಬಾದ್ ಎಂದೇ ಹೆಸರು. ಅವರ ಮಾತನ್ನು ನಾನು ಸೇಠರಿಗೆ ಹಿಂದಿಯಲ್ಲಿ ಹೇಳಿದೆ. ಸೇಠರು ಎದ್ದು ಹೊಸ್ತಿಲಿಗೆ ಹೋಗಿ, "ಒಳಗೆ ಬನ್ನಿ ಬೇಟಿ. ಕೊಳ್ಳುವವರು ಹೊರಗೆ, ಮಾರುವವರು ಒಳಗೆ ಇದ್ದರೆ ವ್ಯಾಪಾರ ಹೇಗಾಗುತ್ತದೆ?" ಎಂದರು. ಇನ್ನೊಂದು ಬಟ್ಟಲು ಚಹಾ ತರಿಸಿದರು.

ಅಂಗಡಿಯಲ್ಲಿ ಆಗ ಅವರ ಕೈಗೆ ಎಟಕುವಂಥ ಎರಡು ರೈಫಲುಗಳಿದ್ದವು. ಒಂದು ಹಳೆಯ ಜರ್ಮನ್ ರೈಫಲು. ಹಗುರ, ಒಂದೇ ಅಖರೋಟ್ ಮರದಲ್ಲಿ ಕಡೆದ ಕುಂದಾ, ಗಲ್ಲ ಇಡುವಲ್ಲಿ ಚೆಲುವಾದ ಉಬ್ಬು. ಇನ್ನೊಂದು ಸರ್ಕಾರಿ ಕಾರ್ಖಾನೆಯದು. ಗಟ್ಟಿಮುಟ್ಟು, ಸ್ವಲ್ಪ ಭಾರ, ಒರಟು ಮರ. ಜರ್ಮನ್ ರೈಫಲನ್ನು ನೋಡಿದ್ದೇ ಸಂಗಪ್ಪನವರ ಮುಖ ಅರಳಿತು. ಮರದ ಮೇಲೆ ಕೈಯಾಡಿಸುತ್ತ, "ನೀಲವ್ವ, ಇದ ತಗೋ. ಹಗೂರದ. ನಿನಗ ಹೊರ ಆಗಂಗಿಲ್ಲ" ಎಂದರು. ನನಗೂ ಅದನ್ನೇ ಕೊಡಬೇಕೆನಿಸಿತು. ಚೆಂದದ ವಸ್ತು ಚೆಂದದ ಕೈಗೆ ಹೋಗಲಿ ಎಂಬ ಆಸೆ ಬಡಗಿಗೆ ಇದ್ದೇ ಇರುತ್ತದೆ.

ಆಕೆ ಮೊದಲ ಸಲ ಬಾಯಿ ತೆರೆದಳು. "ಇದರ ಕಾಡತೂಸು ನಮ್ಮ ಕಡಿ ಸಿಗ್ತಾವೇನ್ರಿ?"

"ಮುಂಬೈಯಿಂದ ತರಿಸಬೇಕು" ಎಂದೆ. "ಒಮ್ಮೊಮ್ಮೆ ಅಲ್ಲೂ ಇರಂಗಿಲ್ಲ."

"ಆ ಇನ್ನೊಂದರವು?"

"ಎಲ್ಲ್ಯಾರ ಸಿಗ್ತಾವ."

"ಹಂಗಾದ್ರ ಆ ಇನ್ನೊಂದು ಕೊಡ್ರಿ. ಹಂದಿ ಬಂದಾಗ ಮುಂಬೈ ಹಾದಿ ನೋಡ್ಕೋತ ಕುಂಡ್ರಾಕ ಬರಂಗಿಲ್ಲ."

ನಾನು ಆಕೆಯ ಮಾತನ್ನು ಸೇಠರಿಗೆ ಹೇಳಿದಾಗ ಅವರು ಗಡ್ಡ ನೀವಿಕೊಂಡು ತಲೆದೂಗಿದರು. ಜರ್ಮನ್ ರೈಫಲು ಮತ್ತೆ ಗಾಜಿನ ಕಪಾಟಿಗೆ ಹೋಯಿತು.

ಸರ್ಕಾರಿ ಕಾರ್ಖಾನೆಯ ರೈಫಲಿನಲ್ಲಿ ಒಂದು ಅನುಕೂಲವಿತ್ತು. ಅದರ ಹಿಂದಿನ ಮರ ಬೇರೆ, ಮುಂದಿನ ಮರ ಬೇರೆ. ಹಿಂದಿನದನ್ನು ಉದ್ದನೆಯ ಒಂದು ತಿರುಪಿನಿಂದ ಬಿಗಿದಿರುತ್ತಾರೆ. ಬಿಚ್ಚಿ, ಕತ್ತರಿಸಿ, ಮತ್ತೆ ಕೂಡಿಸಬಹುದು. ಅಳತೆ ತೆಗೆಯುವ ಪದ್ಧತಿ ಆಗ ಎಲ್ಲ ಅಂಗಡಿಗಳಲ್ಲೂ ಒಂದೇ. ಗಿರಾಕಿಯ ತೋಳು ಮಡಿಸಿ, ಮೊಳಕೈಯ ಒಳಮಡಿಕೆಯಿಂದ ತೋರುಬೆರಳಿನ ಮೊದಲ ಗೆಣ್ಣಿನವರೆಗೆ ಎಷ್ಟೋ, ಕುಂದಾ ಅಷ್ಟು ಉದ್ದ. ನೀಲಮ್ಮನ ತೋಳನ್ನು ನಾನು ಮುಟ್ಟುವ ಹಾಗಿರಲಿಲ್ಲ. ಸಂಗಪ್ಪನವರೇ ದಾರ ಹಿಡಿದರು. ಅವರ ಕೈ ನಡುಗಿ ದಾರ ಜಾರುತ್ತಿತ್ತು. ಕಡೆಗೆ ಆಕೆಯೇ ದಾರದ ಒಂದು ತುದಿಯನ್ನು ಹಲ್ಲಿನಿಂದ ಕಚ್ಚಿ ಇನ್ನೊಂದು ಕೈಯಲ್ಲಿ ತಾನೇ ಅಳೆದುಕೊಂಡಳು. ನಾನು ಗಂಟು ಹಾಕಿಕೊಂಡೆ.

ಮರ ಕತ್ತರಿಸಿದೆ, ಕಬ್ಬಿಣದ ತಗಡು ತೆಗೆದು ದಪ್ಪ ರಬ್ಬರ್ ಹಾಕಿದೆ, ಅಗಸೆ ಎಣ್ಣೆ ತಿಕ್ಕಿ ಒಣಗಿಸಿದೆ. ಸೇಠರ ಸ್ನೇಹಿತರೊಬ್ಬರ ಕಲ್ಲುಕ್ವಾರಿಯಲ್ಲಿ ಆಕೆಯಿಂದ ಹೊಡೆಸಿ ನೋಡಿದೆವು. ಕೈಯ ಬೆಳ್ಳಿ ಕಡಗವನ್ನು ಮೊಳಕೈವರೆಗೆ ಏರಿಸಿ, ಕಿವಿಯ ಬೆಂಡೋಲೆ ಬಿಚ್ಚಿ ಮಾವನ ಕೈಗೆ ಕೊಟ್ಟು, ನಿಂತುಕೊಂಡೇ ಡಬ್ಬಿಗೆ ಹೊಡೆದಳು. ಮೊದಲ ಗುಂಡಿಗೆ ಕಣ್ಣು ಮುಚ್ಚಿದಳು. ಐದಾರನೆಯದು ಡಬ್ಬಿಗೆ ತಾಗಿತು. "ಹೆಗಲ ನೋವಾತೇನ್ರಿ?" ಎಂದು ಕೇಳಿದೆ. "ಇಲ್ರಿ" ಎಂದಳು. ನಾನು ಖುಷಿಯಿಂದ ರೈಫಲನ್ನು ಚೀಲಕ್ಕೆ ಹಾಕಿ ಕೊಟ್ಟೆ.

ಮಳೆಗಾಲ ಕಳೆದು ಚಳಿ ಬಿದ್ದ ಮೇಲೆ ಸಂಗಪ್ಪನವರು ಒಬ್ಬರೇ ಬಂದರು. ರೈಫಲ್ ಊರಲ್ಲೇ ಇತ್ತು.

"ಕೆಲಸ ಚಲೋ ಮಾಡೀರಿ, ಅದರದೇನೂ ತಕರಾರಿಲ್ಲ" ಎಂದು ಶುರು ಮಾಡಿದರು. ಬಹಳ ಹೊತ್ತು ಅವರು ಬೇರೆ ಮಾತೇ ಆಡಿದರು. ಮಳೆ, ಶೇಂಗಾದ ಕಾಯಿ, ಬಸ್ಸಿನ ಗದ್ದಲ. ಕೊನೆಗೆ, "ಅಕಿಗಿ ಬಲಗೈ ಎತ್ತಾಕ ಬರವಲ್ದು. ರಟ್ಟಿ ನೀಲಿ ಆಗ್ಯದ. ನನ್ನ ಮುಂದ ಹೇಳಂಗಿಲ್ಲ. ರೊಟ್ಟಿ ಎಡಗೈಲೇ ಬಡೀಲಾಕ್ಹತ್ತಿದಳು, ಆಗ ತಿಳೀತು" ಎಂದರು.

ನನಗೆ ಕೈಯಲ್ಲಿದ್ದ ಅರ ಭಾರವಾಯಿತು. ಕುಂದಾ ಭುಜದ ಗುಳಿಯಲ್ಲಿ ಕೂರದೆ ತೋಳಿನ ಮೇಲೆ ಜಾರಿದರೆ ಹಾಗಾಗುತ್ತದೆ. ಆದರೆ ಅಳತೆ ಸರಿಯಿತ್ತು, ಕ್ವಾರಿಯಲ್ಲಿ ಸರಿಯಾಗಿಯೇ ಕೂತಿತ್ತು. ಸೇಠರು ಎಲ್ಲ ಕೇಳಿಸಿಕೊಂಡು, "ತಪ್ಪು ನನ್ನದು. ಆ ಮೊಳಕೈ ಲೆಕ್ಕ ನಿನಗೆ ಕಲಿಸಿದವನೇ ನಾನು. ನೀನು ಸಾಮಾನು ತೆಗೆದುಕೊಂಡು ಇವರ ಜೊತೆ ಹೋಗು. ಆಕೆ ಎಲ್ಲಿ ಕೂತು ಹೊಡೆಯುತ್ತಾಳೋ ಅಲ್ಲೇ ಕೂತು ನೋಡು" ಎಂದರು. ಅಲ್ಲಿಯವರೆಗೆ ನಮ್ಮ ಅಂಗಡಿಯಿಂದ ಯಾರೂ ಗಿರಾಕಿಯ ಹೊಲಕ್ಕೆ ಹೋದದ್ದಿಲ್ಲ. ನಾನು ಕಲಿತ ಪದ್ಧತಿಗಳಲ್ಲಿ ದೊಡ್ಡ ಬದಲಾವಣೆ ಯಾವುದು ಎಂದು ಯಾರಾದರೂ ಕೇಳಿದರೆ ಆ ಬಸ್ ಪ್ರಯಾಣ ಎನ್ನುತ್ತೇನೆ.

ಪೈಠಣದಿಂದ ಆಚೆಗೆ ಎತ್ತಿನ ಬಂಡಿಯಲ್ಲಿ ಹೋದೆವು. ಹೊಲದ ಒಂದು ಮೂಲೆಯಲ್ಲಿ ಜಾಲಿಯ ಗೂಟಗಳ ಮೇಲೆ ಮಂಚಿಗೆ ಕಟ್ಟಿದ್ದರು. ಕಾವಲು ಕೂರುವ ಅಟ್ಟ. ಅದು ಆಕೆಯ ಗಂಡ ಕಟ್ಟಿದ್ದು. ನೀಲಮ್ಮ ಅದರ ಮೇಲೆ ಹತ್ತಿ ತೋರಿಸಿದಳು. ಆಕೆ ಚಕ್ಕಳಮಕ್ಕಳ ಹಾಕಿ ಕೂರುತ್ತಿದ್ದಳು. ಹೆಗಲ ಮೇಲೆ ಕಂಬಳಿಯ ಮಡಿಕೆ, ಅದರ ಮೇಲೆ ದಪ್ಪ ಸೀರೆಯ ಸೆರಗು. ಮಂಡಿಯ ಮೇಲೆ ಮೊಳಕೈ ಊರಿ, ಮುಂದಕ್ಕೆ ಬಾಗಿ, ಕೆಳಮುಖವಾಗಿ ಗುರಿ ಹಿಡಿಯಬೇಕು. ನಾನು ಅಳೆದದ್ದು ಬೇಸಗೆಯಲ್ಲಿ, ತೆಳು ಸೀರೆಯಲ್ಲಿ, ನಿಂತ ಮನುಷ್ಯಳನ್ನು. ಹೀಗೆ ಕೂತವಳಿಗೆ ಆ ಕುಂದಾ ಎರಡು ಬೆರಳು ಉದ್ದ.

"ಉದ್ದ ಆಗ್ತದ ಅಂತ ಒಂದು ಮಾತು ಹೇಳಬೇಕಿತ್ತಲ್ರಿ" ಎಂದೆ.

"ಅಷ್ಟು ಚಂದ ಮಾಡಿ ಕೊಟ್ಟಿದ್ರಿ. ನಾನೇ ಹೊಂದಿಕೊಂಡ್ರಾತು ಅಂದ್ಕೊಂಡೆ" ಎಂದಳು, ನೆಲ ನೋಡುತ್ತ.

ಬೇವಿನ ಮರದ ಕೆಳಗೆ ಕೆಲಸ ಹಚ್ಚಿದೆ. ಅಂಗಡಿಯಲ್ಲಿ ಮರ ಕಚ್ಚಿ ಹಿಡಿಯಲು ಕಬ್ಬಿಣದ ಶಿಕಂಜಾ ಇರುತ್ತದೆ. ಇಲ್ಲಿ ಏನೂ ಇಲ್ಲ. "ನಾ ಹಿಡೀತೀನಿ" ಎಂದು ಸಂಗಪ್ಪನವರು ಕೂತರು. ಕೂತಮೇಲೆ ತಮ್ಮ ಕೈಗಳನ್ನು ತಾವೇ ನೋಡಿಕೊಂಡು, "ನಡುಗೋ ಕೈಗೆ ಮರ ನಿಲ್ತದೇನಪಾ?" ಎಂದರು. ಮಂಡಿಯ ಕೆಳಗೆ ಇಟ್ಟುಕೊಂಡು ಮೈಭಾರ ಹಾಕಿರಿ ಎಂದೆ. ಹಾಗೆ ಮಾಡಿದರು. ಮರ ಅಲುಗಲಿಲ್ಲ. ಗರಗಸ ಎಳೆಯುವಾಗ ಅವರ ರುಮಾಲು ನನ್ನ ಹಣೆಗೆ ತಾಗುತ್ತಿತ್ತು. ಅವರು ಮಗನ ಮಾತು ತೆಗೆದರು. ಅವನು ಸಣ್ಣವನಿದ್ದಾಗ ಹಂದಿಗೆ ಹೆದರಿ ಇದೇ ಬೇವಿನ ಮರ ಹತ್ತಿ ಇಳಿಯಲು ಬಾರದೆ ಅತ್ತದ್ದು, ಮದುವೆಯಾದ ಹೊಸದರಲ್ಲಿ ನೀಲಮ್ಮನಿಗೆ ಬೆಲ್ಲದ ಚಹಾ ಮಾಡಲು ಕಲಿಸಿದ್ದು. ನಗುತ್ತ ಹೇಳುತ್ತಿದ್ದರು. ಮರದ ಹೊಟ್ಟು ಅವರ ಮೀಸೆಗೆಲ್ಲ ಹತ್ತಿತ್ತು.

ಉದ್ದ ಕಡಿಮೆ ಮಾಡಿದೆ. ಗಲ್ಲ ತಾಗುವಲ್ಲಿ ಅಂಚು ಕೆತ್ತಿ, ಕೆಳಕ್ಕೆ ಬಾಗಿ ನೋಡಿದರೂ ನಳಿಗೆಯ ತುದಿಯ ಗುರಿಮುಳ್ಳು ಕಣ್ಣಿಗೆ ನೇರ ಬರುವಂತೆ ಮಾಡಿದೆ. ದೀಪದ ಕಾಡಿಗೆಯನ್ನು ಕಬ್ಬಿಣಕ್ಕೆ ಸವರಿ, ಮರಕ್ಕೆ ಎಲ್ಲಿ ಕಪ್ಪು ಹತ್ತುತ್ತದೋ ಅಲ್ಲಿ ಕೆರೆದು ಮತ್ತೆ ಬಿಗಿದೆ. ಆಕೆ ಮಂಚಿಗೆ ಹತ್ತಿ ಕಂಬಳಿ ಹೊದ್ದು ರೈಫಲ್ ಎತ್ತಿದಳು. ಅದು ಎತ್ತುವಾಗಲೇ ತಾನಾಗಿ ಹೋಗಿ ಭುಜದ ಗುಳಿಯಲ್ಲಿ ಕೂತಿತು. ಇನ್ನೊಮ್ಮೆ ಇಳಿಸಿ ಎತ್ತಿದಳು. ಆಮೇಲೆ ನನ್ನ ಕಡೆ ನೋಡಿದಳು. ಕಸುಬಿನಲ್ಲಿ ನನಗೆ ಸಿಕ್ಕ ಮೆಚ್ಚಿಗೆಗಳಲ್ಲಿ ಅದಕ್ಕಿಂತ ದೊಡ್ಡದು ಇನ್ನೊಂದಿಲ್ಲ.

ಆಕೆಯ ರಟ್ಟೆಯ ನೋವು ಇಳಿಯಲೆಂದು ನಾಲ್ಕು ದಿನ ಕಾದು, ಒಂದು ನಸುಕಿನಲ್ಲಿ ಮೂವರೂ ಮಂಚಿಗೆಯ ಮೇಲಿದ್ದೆವು. ಆಕೆ ಮುಂದೆ, ಕಾಡತೂಸಿನ ಚೀಲ ಹಿಡಿದು ಮಾವ ಪಕ್ಕದಲ್ಲಿ, ನಾನು ಹಿಂದೆ. ಬೆಳ್ಳಗೆ ಬೆಳಕು ಹರಿದಾಗ ಹೊಳೆಯ ಜೊಂಡಿನ ಕಡೆಯಿಂದ ಹಂದಿಗಳು ಬಂದವು. ಮುಂದಿನದು ಎಮ್ಮೆಯ ಕರುವಿನಷ್ಟಿತ್ತು. ಶೇಂಗಾದ ಸಾಲಿಗೆ ಮೂತಿ ಹಾಕಿ ನೆಲ ಸೀಳುತ್ತ ಬರುತ್ತಿತ್ತು. ನೀಲಮ್ಮ ಅವಸರ ಮಾಡಲಿಲ್ಲ. ಅದು ಅಡ್ಡ ತಿರುಗುವವರೆಗೆ ಕಾದು ರೈಫಲಿನ ಕುದುರೆ ಎಳೆದಳು. ಹಂದಿ ನಿಂತಲ್ಲೇ ಕುಸಿಯಿತು. ಉಳಿದವು ಚೆಲ್ಲಾಪಿಲ್ಲಿಯಾಗಿ ಹೋದವು.

ಬೋಲ್ಟ್ ಎಳೆದು ಖಾಲಿ ತೋಟೆ ಬೀಳಿಸಿ, ರೈಫಲನ್ನು ಮಡಿಲಲ್ಲಿಟ್ಟುಕೊಂಡು ಆಕೆ ಹಾಗೇ ಕೂತಳು.

"ಲಗೂ ಸತ್ತಿತೇನ್ರಿ ಅದು? ನರಳಲಿಲ್ಲಲ್ಲ?" ಎಂದು ನನ್ನನ್ನು ಕೇಳಿದಳು.

"ಇಲ್ಲ. ಅದಕ್ಕ ತಿಳೀಲೂ ಇಲ್ಲ."

"ಹಂಗಾದ್ರ ಸಾಕು" ಎಂದಳು. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಲಿಂಗ ಕಟ್ಟಿದ ಮನೆ, ಇರುವೆ ಸಾಲಿಗೂ ಸಕ್ಕರೆ ಹಾಕುವ ಮನೆ. ಜೀವ ತೆಗೆಯುವುದು ಯಾರಿಗೂ ರೂಢಿ ಇರಲಿಲ್ಲ. ಸಂಗಪ್ಪನವರು ನಡುಗುವ ಕೈಯನ್ನು ಆಕೆಯ ತಲೆಯ ಮೇಲಿಟ್ಟು, "ನಮ್ಮ ಹೊಟ್ಟಿಗೂ ಬೇಕಲ್ಲವ್ವಾ" ಎಂದಷ್ಟೇ ಹೇಳಿದರು. ಹಂದಿಯನ್ನು ಹೊಳೆಯಾಚೆಯ ವಾಡಿಯ ಜನ ಹೊತ್ತೊಯ್ದರು. ನೀಲಮ್ಮ ತಲೆಗೆ ನೀರು ಹಾಕಿಕೊಂಡು ಬಂದು ಬಲಗೈಯಲ್ಲೇ ರೊಟ್ಟಿ ಬಡಿದು ನಮಗೆ ಹಾಕಿದಳು. ಮುಂದೆ ಆಕೆ ಹೆಚ್ಚಾಗಿ ಹಂದಿಯ ಮುಂದಿನ ನೆಲಕ್ಕೇ ಹೊಡೆಯುತ್ತಿದ್ದಳಂತೆ. ಹಂದಿಗಳೂ ಆ ಹೊಲವನ್ನು ಬಿಟ್ಟು ದೂರ ಸರಿದವು.

ಆಮೇಲೆ ಪ್ರತಿ ಸುಗ್ಗಿಗೆ ಮುಂಚೆ ನಾನು ಅಲ್ಲಿಗೆ ಹೋಗತೊಡಗಿದೆ. ತಿರುಪು ಸಡಿಲವಾಗಿರಬಹುದು, ಮಳೆಗೆ ಮರ ಉಬ್ಬಿರಬಹುದು ಎಂದು ಸೇಠರಿಗೆ ಹೇಳುತ್ತಿದ್ದೆ. ಮರ ಉಬ್ಬಿರಲಿಲ್ಲ. ತಿರುಪು ಸಡಿಲವಾಗಿರಲಿಲ್ಲ. ಎಣ್ಣೆ ತಿಕ್ಕಿ, ಸಂಗಪ್ಪನವರ ಜೊತೆ ಬೇವಿನ ಮರದ ಕೆಳಗೆ ಕೂತು ಮಾತಾಡಿ, ಆಕೆ ಕೊಟ್ಟ ಹುರಿದ ಶೇಂಗಾ ಕಟ್ಟಿಕೊಂಡು ಬರುತ್ತಿದ್ದೆ. ಒಂದು ಸಲ ಸೇಠರು ಕನ್ನಡಕದ ಮೇಲಿಂದ ನನ್ನನ್ನು ನೋಡಿ, "ಕಾಶಿನಾಥ್, ದೇಶದಲ್ಲಿ ಇಷ್ಟು ಎಣ್ಣೆ ಕುಡಿದ ಕುಂದಾ ಇನ್ನೊಂದಿರಲಿಕ್ಕಿಲ್ಲ" ಎಂದರು. ನನ್ನ ಕಿವಿ ಬಿಸಿಯಾಯಿತು. ತಲೆ ತಗ್ಗಿಸಿ ಅರ ಕೈಗೆತ್ತಿಕೊಂಡೆ.

ಅಷ್ಟರಲ್ಲಿ ಜಾಯಕವಾಡಿಯ ಅಣೆಕಟ್ಟು ಏಳತೊಡಗಿತ್ತು. ಸಂಗಪ್ಪನವರ ಹೊಲ ನೀರಿನ ಕೆಳಗೆ ಹೋಗುವ ಪಟ್ಟಿಯಲ್ಲಿತ್ತು. ಕೊನೆಯ ಸುಗ್ಗಿ ಮುಗಿಸಿ ಇಬ್ಬರೂ ರೈಫಲ್ ಹಿಡಿದುಕೊಂಡು ಅಂಗಡಿಗೆ ಬಂದರು. ಈ ಸಲ ನೀಲಮ್ಮ ಹೊಸ್ತಿಲ ಬಳಿ ನಿಲ್ಲಲಿಲ್ಲ, ನೇರ ಒಳಗೆ ಬಂದು ಬೆಂಚಿನ ಮೇಲೆ ಕೂತಳು.

"ಇದನ್ನ ಯಾರಿಗ್ಯಾರ ಮಾರಿ ಬಿಡ್ರಿ" ಎಂದರು ಸಂಗಪ್ಪನವರು. "ಹೊಲಾನ ಇಲ್ಲಂದ ಮ್ಯಾಲ ಕಾಯೋದೇನು?"

"ನೀವು ಎಲ್ಲಿಗಿ ಹೋಗ್ತೀರಿ?"

"ಈಕೀನ ಆಳಂದದಾಗ ಇವರಣ್ಣನ ಮನೀಗಿ ಮುಟ್ಟಸ್ತೀನಿ. ನಾ ಒಬ್ಬಾಂವ. ಎಲ್ಲ್ಯಾರ ಮಠದಾಗ ಬಿದ್ದಿರ್ತೀನಿ."

"ನಾ ಆಳಂದಕ್ಕ ಹೋಗಂಗಿಲ್ಲ ಅಂತ ಹೇಳೀನಿ" ಎಂದಳು ನೀಲಮ್ಮ. ಧ್ವನಿ ಏರಿರಲಿಲ್ಲ. ದಾರಿಯುದ್ದಕ್ಕೂ ಆಡಿ ಆಡಿ ಸವೆದ ಮಾತು ಅದು ಎಂದು ತಿಳಿಯುತ್ತಿತ್ತು.

ನನ್ನ ಕೈಯಲ್ಲಿ ರೈಫಲ್ ಇತ್ತು, ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಸುಮ್ಮನೆ ಒರೆಸುತ್ತಿದ್ದೆ. "ನಾಸಿಕದಾಗ ನಂದೊಂದು ಖೋಲಿ ಅದರಿ" ಎಂದೆ. "ಸಣ್ಣದು. ಮುಂದೊಂದು ಪಡಸಾಲಿ ಅದ. ನಳದ ನೀರು ದಿನಾ ಬರ್ತಾವ..."

ಸೇಠರಿಗೆ ಕನ್ನಡದ ಒಂದಕ್ಷರ ಬರುತ್ತಿರಲಿಲ್ಲ. ಆದರೆ ಅವರು ಮೂವರ ಮುಖವನ್ನೂ ಒಮ್ಮೆ ನೋಡಿ, ಟೋಪಿ ಸರಿಮಾಡಿಕೊಂಡು, "ಚಹಾ ನಾನೇ ಹೇಳಿ ಬರ್ತೀನಿ" ಎಂದು ಹೊರಗೆ ಹೋದರು. ಚಹಾದವನು ಎದುರಿಗೇ ಇದ್ದ. ಅವರು ಎಷ್ಟೋ ಹೊತ್ತು ಬರಲೇ ಇಲ್ಲ.

ಸಂಗಪ್ಪನವರು ನನ್ನನ್ನು ನೋಡಿದರು, ಆಕೆಯನ್ನು ನೋಡಿದರು. ರುಮಾಲಿನ ತುದಿಯಿಂದ ಮುಖ ಒರೆಸಿಕೊಂಡರು. ಮಾತಾಡಿದವಳು ನೀಲಮ್ಮ.

"ಮಾವನೋರು ನನ್ನ ಜೋಡೀನ ಇರ್ತಾರ. ಮಠಕ್ಕ ಹೋಗಂಗಿಲ್ಲ. ಅದಕ್ಕ ಒಪ್ಪೋದಿದ್ರ ಮುಂದಿನ ಮಾತ ಆಡ್ರಿ. ಇಲ್ಲಂದ್ರ ನಳದ ನೀರಿನ ಸುದ್ದಿ ಬ್ಯಾಡ."

"ಪಡಸಾಲಿ ಅವರಿಗೇ ಅಂತ ಹೇಳಿದ್ದರಿ" ಎಂದೆ.

ಆಕೆ ಸೆರಗಿನ ಮರೆಯಲ್ಲಿ ನಕ್ಕಳು. ಆಕೆ ನಕ್ಕದ್ದನ್ನು ನಾನು ಅಂದೇ ಮೊದಲು ನೋಡಿದ್ದು.

ಊರಲ್ಲಿ ನನ್ನ ತಾಯಿ ಒಪ್ಪಲು ಒಂದು ವರ್ಷ ಹಿಡಿಯಿತು. ಉಡಿಕೆ, ಅಂದರೆ ಗಂಡ ಸತ್ತವಳ ಮರುಮದುವೆ, ನಮ್ಮಲ್ಲಿ ಇಲ್ಲದ್ದೇನಲ್ಲ, ಆದರೂ ಹಿರಿಯ ಮಗನಿಗೆ ಯಾಕೆ ಎಂಬುದು ಅವಳ ಕೊರಗು. ಅಲ್ಲಿಯವರೆಗೆ ಮಾವ ಸೊಸೆ ಲಾಸಲಗಾಂವಿನ ಆ ವ್ಯಾಪಾರಿಯ ಮನೆಯ ಹಿತ್ತಲ ಖೋಲಿಯಲ್ಲಿದ್ದರು. "ಬಂದೂಕ ಹೊಡಿಯೋ ಸೊಸಿ ಅಡಗಿ ಏನ್ ಮಾಡ್ತಾಳ?" ಎನ್ನುತ್ತಲೇ ನನ್ನ ತಾಯಿ ಅಲ್ಲಿಗೆ ಬಂದಳು. ನೀಲಮ್ಮನ ಕೈಯ ಶೇಂಗಾ ಹಿಂಡಿ, ರೊಟ್ಟಿ ಉಂಡಳು. ಎರಡನೇ ರೊಟ್ಟಿ ಕೇಳಿದಾಗ ನನಗೆ ಧೈರ್ಯ ಬಂತು. ಔರಂಗಾಬಾದಿನ ಒಂದು ಸಣ್ಣ ಮಠದಲ್ಲಿ ಮದುವೆಯಾಯಿತು. ಸೇಠರು ಬಂದು ಹೊರಗಿನ ಕಟ್ಟೆಯ ಮೇಲೆ ಕೂತು ಪಾಯಸ ಉಂಡರು.

ಬೇಟೆಗೆ ಕಾನೂನು ಬಂದದ್ದು ಆ ಕಾಲದಲ್ಲೇ. ಮುಂಬೈಯಿಂದ ಜೀಪಿನಲ್ಲಿ ಬರುತ್ತಿದ್ದ ಶಿಕಾರಿಗಳು ನಿಂತುಹೋದರು. ಕಪಾಟಿನ ಗಾಜಿನ ಮೇಲೆ ಧೂಳು ಕೂತಿತು. ಜರ್ಮನ್ ರೈಫಲನ್ನು ಕೊಳ್ಳುವವರೇ ಇಲ್ಲದೆ ಸೇಠರು ಆಗಾಗ ತಾವೇ ತೆಗೆದು ಒರೆಸಿ ಇಡುತ್ತಿದ್ದರು. ನಮಗೆ ಉಳಿದದ್ದು ಬೆಳೆ ಕಾಯುವ ರೈತರು, ಬ್ಯಾಂಕಿನ ಬಾಗಿಲಲ್ಲಿ ನಿಲ್ಲುವ ಮಾಜಿ ಸೈನಿಕರು. ಅವರ ಬಂದೂಕುಗಳನ್ನೂ ನಾನು ಅವರು ನಿಲ್ಲುವ ಜಾಗಕ್ಕೇ ಹೋಗಿ ನೋಡುತ್ತಿದ್ದೆ. ನೀಲಮ್ಮನ ರೈಫಲಿಗೆ ಉದ್ದನೆಯ ಬೇರೆ ಕುಂದಾ ಹಾಕಿ ಸಿನ್ನರ್ ಕಡೆಯ ಒಬ್ಬ ರೈತನಿಗೆ ಕೊಟ್ಟೆವು. ಕೊಡುವ ದಿನ ಆಕೆಗೆ ಏನಾದರೂ ಅನ್ನಿಸುತ್ತದೇನೋ ಎಂದು ಕೇಳಿದೆ. "ಯಾಕ್ರಿ? ಅಂವಗೂ ಹಂದಿ ಕಾಟ ಇರಬೇಕಲ್ಲ" ಎಂದಳು. ಈಗಿನ ಕುಂದಾಗಳು ಪ್ಲಾಸ್ಟಿಕ್ಕಿನವು, ಗುಂಡಿ ಒತ್ತಿದರೆ ಉದ್ದವಾಗುತ್ತವೆ, ಗಿಡ್ಡವಾಗುತ್ತವೆ. ಒಳ್ಳೆಯದೇ. ಆದರೂ ಮಗು, ಗಿರಾಕಿ ಎಲ್ಲಿ ಕೂತು, ಏನು ಹೊದ್ದು ಹೊಡೆಯುತ್ತಾನೆ ಎಂದು ಕೇಳುವುದನ್ನು ಬಿಡಬೇಡ. ನಾಚಿಕೆಯಿಂದ ಸುಳ್ಳು ಹೇಳುತ್ತಾರೆ. ಎರಡು ಸಲ ಕೇಳು.

ಸಂಗಪ್ಪನವರು ನಮ್ಮ ಪಡಸಾಲೆಯಲ್ಲಿ ಬಹಳ ವರ್ಷ ಇದ್ದರು. ಮಧ್ಯಾಹ್ನ ಊಟವಾದಮೇಲೆ ಕೋಲೂರಿಕೊಂಡು ಅಂಗಡಿಗೆ ಬಂದು ನನ್ನ ಬೆಂಚಿನ ಪಕ್ಕ ಕೂರುವರು. ಶಿಕಂಜಾ ಇದ್ದರೂ ಸಣ್ಣಪುಟ್ಟ ಮರವನ್ನು ನಾನು ಅವರ ಮಂಡಿಗೇ ಕೊಡುತ್ತಿದ್ದೆ. ನೀಲಮ್ಮ ಕರೆಯುತ್ತಿದ್ದ ಹಾಗೆ ನಾನೂ ಮಾವನೋರೆ ಎಂದೇ ಕರೆಯುತ್ತಿದ್ದೆ. ಆದರೆ ನಮ್ಮ ವಠಾರದ ಜನ ನನ್ನನ್ನು ತೋರಿಸಿ, "ಇವರು ನಿಮಗ ಏನಾಗಬೇಕು?" ಎಂದು ಕೇಳಿದಾಗಲೆಲ್ಲ ಅವರು ತಲೆ ಕೆಳಗೆ ಹಾಕಿಬಿಡುತ್ತಿದ್ದರು. ಸತ್ತ ಮಗನ ಹೆಂಡತಿಯ ಗಂಡನಿಗೆ ಏನೆನ್ನುವುದು? ನಾನೇ ಮಾತು ಬೇರೆ ಕಡೆಗೆ ತಿರುಗಿಸುತ್ತಿದ್ದೆ.

ಒಂದು ಮಧ್ಯಾಹ್ನ ಓಝರ್ ಕಾರ್ಖಾನೆಯ ಎಂಜಿನಿಯರೊಬ್ಬರು ಬಂದರು, ಕಲಬುರಗಿ ಕಡೆಯವರು. ನನ್ನ ಕನ್ನಡ ಕೇಳಿ ಸಂತೋಷಪಟ್ಟು, ಮರ ಹಿಡಿದು ಕೂತಿದ್ದ ಮುದುಕರ ಕಡೆ ತಿರುಗಿದರು. "ಏನ್ರಿ ಯಜಮಾನ್ರ, ಇವರು ನಿಮ್ಮ ಮಗಾನೇನ್ರಿ?"

ನಾನು ಅರ ನಿಲ್ಲಿಸಿ ಬಾಯಿ ತೆರೆಯುವಷ್ಟರಲ್ಲಿ ಸಂಗಪ್ಪನವರೇ ಹೇಳಿದರು.

"ಅಲ್ರಿ. ಇವ ನನ್ನ ಅಳಿಯ."

ಹೇಳಿದವರೇ ಮರವನ್ನು ಮಂಡಿಯ ಕೆಳಗೆ ಇನ್ನಷ್ಟು ಒತ್ತಿ ಹಿಡಿದು, "ಹೂಂ, ಉಜ್ಜಪಾ" ಎಂದರು. ನನಗೆ ಕಣ್ಣು ಮಂಜಾಗಿ ಗೆರೆ ಕಾಣಲಿಲ್ಲ. ಸುಮ್ಮನೆ ಅರ ಆಡಿಸಿದೆ.

ಸಂಜೆ ಮನೆಗೆ ಹೋದಮೇಲೆ ನೀಲಮ್ಮನಿಗೆ ಹೇಳಿದೆ. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಕೈ ಹಿಟ್ಟಿನ ಮೇಲೆಯೇ ನಿಂತಿತು. ಪಡಸಾಲೆಯಲ್ಲಿ ಮಾವನವರು ಗೋಡೆಗೆ ಒರಗಿ ಕೂತಿದ್ದರು, ನಡುವೆ ಒಂದು ಪರದೆ ಅಷ್ಟೇ.

"ಮಾವನೋರ" ಎಂದು ಆಕೆ ಒಳಗಿನಿಂದಲೇ ಕೇಳಿದಳು, "ಇವರು ಅಳಿಯ ಆದ್ರ ನಾ ಯಾರಾದ್ನಿರಿ?"

ಪರದೆಯಾಚೆ ಮಾವನವರು ಕೆಮ್ಮಿದ್ದು ಕೇಳಿಸಿತು.

"ಹಂಚಿನ ಮ್ಯಾಲಿನ ರೊಟ್ಟಿ ಹೊತ್ತಲಾಕ್ಹತ್ತದ ನೋಡು, ಮಗಳ."